ಅವ್ವ-ಅಪ್ಪನ್ನ ಬಾಗಲದ ಹೊರಗ ಕುಂದ್ರಸಬ್ಯಾಡ್ರಿ

ಜಮಖಂಡಿಯ ರಿಟಾಯರ್ಡ್ ಮಾಸ್ತರೊಬ್ರು ಪತ್ರ ಬರದಾರ. ಅವರ ಮಗಳಿಗೆ 31ನೇ ವಾರಕ್ಕ ಹೆರಿಗಿ ಆಗೇತಿ, 1,350 ಗ್ರಾಂ ಕೂಸು ಬೆಳಗಾವಿಯ ದವಾಖಾನಿಯೊಂದ್ರ ನಾಜೂಕ ಕೂಸುಗಳ ತೀವ್ರ ನಿಗಾ ಘಟಕ, ಅಂದ್ರ ಎನ್‌ಐಸಿಯುದಾಗ ಐತಿ. ಮಗಳನ್ನ ಮುಂಜಾನೆ ಹತ್ತು ನಿಮಿಷ, ಸಂಜಿಕ ಹತ್ತು ನಿಮಿಷ ಒಳಗ ಬಿಡ್ತಾರ, ಅಳಿಯ ಹೊರಗ ನಿಂತು ಗ್ಲಾಸಿನ್ಯಾಗಿಂದ ನೋಡಿ ಬರ್ತಾನ. ಹೋದ ಸಂಚಿಕಿಯೊಳಗ ನಾವು "ದಿನ ತುಂಬದ ಕೂಸನ್ನ ಅವ್ವ-ಅಪ್ಪನ ಎದಿಮ್ಯಾಲ ಮಲಗಸ್ರಿ" ಅಂತ, ಅಂದ್ರ ಕಾಂಗರೂ ಆರೈಕಿ ಮಾಡ್ರಿ ಅಂತ, ಬರದಿದ್ದು ಅವರಿಗೆ ಸೇರಿಲ್ಲ. "ಈ ಕಾಂಗರೂ ಆರೈಕಿ ಮಷೀನ್ ಇಲ್ಲದ ಬಡ ದೇಶದವ್ರ ಉಪಾಯ, ನಾವು ರೊಕ್ಕ ಕಟ್ಟೇವಿ, ನಮಗ ಮಷೀನ್ ಐತಿ, ಮಂದಿ ಒಳಗ ಹೊಕ್ರ ಕೂಸಿಗೆ ನಂಜಾಗ್ತೈತಿ, ನೀವ್ಯಾಕ ಡಾಕ್ಟರ ಮ್ಯಾಲಿನ ನಂಬಿಕಿ ಕೆಡಸ್ತೀರಿ" ಅಂತ ಕೇಳ್ಯಾರ.

ಮಾಸ್ತರ್ರ, ನಂಜಿನ ಅಂಜಿಕಿ ಖರೇನ ಐತಿ. ಕೆಮ್ಮು-ನೆಗಡಿ ಇದ್ದವ್ರು ಒಳಗ ಹೋಗಬಾರದು, ಮೊಣಕೈ ಮಟ ಸೋಪ್ ಹಚ್ಚಿ ತೊಳಕೋಬೇಕು, ಕೂಸು ಭಾಳ ನಾಜೂಕ ಇದ್ದಾಗ ಡಾಕ್ಟರ್ ಹೇಳಿದ್ದ ಕೇಳಬೇಕು. ಇಷ್ಟು ಒಪ್ಪಿದೆ. ಆದ್ರ ಹಡದ ತಾಯಿನ್ನ "ಮಂದಿ" ಅಂತ ಲೆಕ್ಕಾ ಹಿಡದ್ರೆಲ್ರಿ, ಅಲ್ಲೇ ನನಗ ಸಿಟ್ಟು ಬಂತು.

ಬಡವರ ಉಪಾಯ ಅಂದ್ರಿ. ಹೌದು, ಕೊಲಂಬಿಯಾದ ಬೊಗೊಟಾದಾಗ 1978ರ ಸುಮಾರಿಗೆ ಡಾ. ಎಡ್ಗರ್ ರೇ ಸನಾಬ್ರಿಯಾ ಇದನ್ನ ಚಾಲೂ ಮಾಡಿದ್ದು ಕೂಸನ್ನ ಬೆಚ್ಚಗ ಇಡೂ ಮಷೀನ್, ಅಂದ್ರ ಇನ್‌ಕ್ಯುಬೇಟರ್ ಸಾಲ್ತಿರಲಿಲ್ಲ ಅಂತನ. ಆದ್ರ ಇವತ್ತ ಸ್ವೀಡನ್‌ದಂಥ ಸಾವಕಾರ ದೇಶದಾಗ ಮಷೀನ್‌ಗೇನ ಕೊರತಿ ಇಲ್ಲ, ಅಲ್ಲೂ ಎನ್‌ಐಸಿಯು ಒಳಗ ಕೂಸಿನ ಬಾಜೂಕ ಅವ್ವ-ಅಪ್ಪಗ ಮಂಚ ಹಾಕಿರ್ತಾರ. ಯಾಕ? 2021ರಾಗ ಒಂದು ದೊಡ್ಡ ಅಧ್ಯಯನ ಬಂತು, ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಐದು ದೇಶದ್ದು, ನಮ್ಮ ಕಡಿಂದ ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರಿ. 1 ಕಿಲೋದಿಂದ 1.8 ಕಿಲೋ ಒಳಗಿನ ಕೂಸುಗಳು, ಅಂದ್ರ ನಿಮ್ಮ ಮೊಮ್ಮಗನ ತೂಕದ್ದ ನೋಡ್ರಿ. ಒಂದು ಗುಂಪಿನ್ಯಾಗ ತಾಯಿನ್ನ ಎನ್‌ಐಸಿಯು ಒಳಗ ಇಟಗೊಂಡು ಹುಟ್ಟಿದ ಕೂಡಲೇ ಎದಿಗೆ ಹಚ್ಚಿದ್ರು, ಇನ್ನೊಂದರಾಗ ಕೂಸು ಸುಧಾರಿಸೂ ಮಟ ಕಾದ್ರು. ಮೊದಲನೇ ಗುಂಪಿನ್ಯಾಗ 28 ದಿನದೊಳಗಿನ ಸಾವು ನೂರಕ್ಕ 25ರಷ್ಟು ಕಡಿಮಿ ಆತು. ನೀವು ಅಂಜೂ ಆ ನಂಜೂ ಕಡಿಮೀನ ಆತು, ಹೆಚ್ಚಾಗಲಿಲ್ಲ. ಫಾಯದೆ ಇಷ್ಟು ಎದ್ದು ಕಂಡಿದ್ದಕ್ಕ ಅಧ್ಯಯನ ನಡುವ ನಿಲ್ಲಿಸಿ ಎಲ್ಲಾ ಕೂಸುಗಳಿಗೂ ಹಂಗ ಮಾಡ್ರಿ ಅಂದ್ರು. ದಿನಕ್ಕ 8ರಿಂದ 24 ತಾಸು ಎದಿಗೆ ಹಚ್ಚಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಾಗ ಹೇಳೇತಿ. ಎಂಟು ತಾಸು ಎಲ್ಲಿ, ನಿಮ್ಮ ಮಗಳ ಇಪ್ಪತ್ತು ನಿಮಿಷ ಎಲ್ಲಿ!

ಇದರಾಗ ಜಾದೂ ಏನಿಲ್ರಿ. ಕೂಸಿಗೆ ಟೊಪಗಿ, ಡೈಪರ್, ಕಾಲಚೀಲ ಅಷ್ಟ, ಮೈಮ್ಯಾಲ ಬ್ಯಾರೆ ಅರಬಿ ಇಲ್ಲ. ಅವ್ವನ ಎದಿ ನಡುವ ನೆಟ್ಟಗ, ಕಪ್ಪಿ ಕುಂತಂಗ ಕಾಲ ಮಡಚಿ ಇಡ್ತಾರ, ಕುತ್ತಿಗಿ ಒಂದ ಬಾಜೂ ತಿರುಗಿಸಿ ಉಸರಾಡಾಕ ಹಾದಿ ಬಿಡ್ತಾರ, ಮ್ಯಾಲ ಮೆತ್ತಗಿನ ಹಳೇ ನೂಲಿನ ಸೀರಿ ಸುತ್ತಿ ಬಿಗಿಯಾಗಿ ಕಟ್ತಾರ. ಮೈ ಬೆಚ್ಚಗಿರ್ತೈತಿ, ನೂರಾ ಎಂಟು ಕೈ ಮುಟ್ಟೂದು ತಪ್ಪತೈತಿ, ಅವ್ವನ ಮೈಮ್ಯಾಲಿನ ಒಳ್ಳೇ ಬ್ಯಾಕ್ಟೀರಿಯಾನ ಕೂಸಿಗೆ ಮೊದಲ ಅಂಟತಾವ, ಎದಿಹಾಲೂ ಲಗೂ ಇಳೀತಾವ. ಸುಮಾರು 34 ವಾರ ಆಗೂ ಮಟ ಕೂಸಿಗೆ ಚೀಪೂದು, ನುಂಗೂದು, ಉಸರಾಡೂದು ಮೂರೂ ಕೂಡಿ ಬರಂಗಿಲ್ಲ, ಅದಕ್ಕ ಹಿಂಡಿದ ಹಾಲು ಮೊದಲ ನಳಿಗೀಲೆ, ಆಮ್ಯಾಲ ಒಳಲೀಲೆ.

ಆ ಹಾಲು ಹಿಂಡೂದಾದ್ರೂ ಎಲ್ಲಿ ಹೇಳ್ರಿ? ವಿಜಯಪುರದ ದವಾಖಾನಿಯೊಂದ್ರ ವರಾಂಡಾದಾಗ ಸಿಂದಗಿ ಕಡೆಯ ಹುಡುಗಿ ಒಬ್ಬಾಕಿನ್ನ ನೋಡೀನಿ. ಸಿಜೇರಿಯನ್ ಹೊಲಿಗಿ ಇನ್ನೂ ಹಸೀ, ಗ್ವಾಡಿ ಕಡೆ ಮಾರಿ ಮಾಡಿ ಸೆರಗು ತಲಿತುಂಬ ಹೊದ್ದು ಸ್ಟೀಲ್ ಬಟ್ಟಲದಾಗ ಹಾಲು ಹಿಂಡ್ತಿದ್ಲು, ವಾಚ್‌ಮನ್ "ಏ ಸರೀ, ದಾರಿ ಬಿಡು" ಅಂದ ಅಂತ ಅರ್ಧಕ್ಕ ಎದ್ಲು. ಚಮಚಾ ತುಂಬ ಹಾಲೂ ಆಗಿರಲಿಲ್ಲ. ಅಕಿ ಅತ್ತಿ ಬಾಜೂಕ ಕುಂತು "ಏಳರಾಗಿಂದು ಉಳೀತೈತಿ, ಎಂಟರಾಗಿಂದು ಉಳಿಯಂಗಿಲ್ಲ" ಅಂತ ಬಂದವ್ರ ಮುಂದೆಲ್ಲಾ ಹೇಳ್ತಿದ್ಲು. ಈ ಮಾತು ನಿಮ್ಮ ಮನ್ಯಾಗೂ ಆಡ್ತಾರ ಅಂತ ಪತ್ರದಾಗ ಬರದೀರಿ, ಮಾಸ್ತರಕಿ ಮಾಡಿದವ್ರು ನೀವು, ಇದನ್ನ ಮೊದಲ ನಿಲ್ಲಸ್ರಿ. ಹೊಟ್ಟ್ಯಾಗ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಪುಪ್ಪುಸ ಬಲಿತಾವ, ಎಂಟರಾಗಿನ ಕೂಸಿಗೆ ಏಳರಾಗಿನದ್ದಕ್ಕಿಂತ ಚೊಲೋನ ಅವಕಾಶ ಇರ್ತೈತಿ.

ನನ್ನ ಸಂಕಟ ಬ್ಯಾರೇನ ಐತಿ. ಬುದ್ಧಿಗೆ ನಮ್ಮೂರಾಗ ಬರಗಾಲ ಇಲ್ಲ. ಚೊಚ್ಚಲ ಬಸರಿಯರಿಗೆ ಸಣ್ಣ ಡೋಸ್ ಆಸ್ಪಿರಿನ್ ಕೊಟ್ರ ದಿನ ತುಂಬದ ಹೆರಿಗಿ ಕಡಿಮಿ ಆಗ್ತಾವೋ ಇಲ್ಲೋ ಅಂತ ಆರು ದೇಶದಾಗ ನೋಡಿದ್ರೆಲ್ಲಾ, ಕಡಿಮಿ ಆಗ್ತಾವ ಅಂತ 2020ರಾಗ ವೈದ್ಯಕೀಯ ಪತ್ರಿಕಿ ಲ್ಯಾನ್ಸೆಟ್‌ದಾಗ ಬಂತು, ಅದರಾಗ ಬೆಳಗಾವಿಯ ಮೆಡಿಕಲ್ ಕಾಲೇಜು ಜೆಎನ್‌ಎಂಸಿ ಇತ್ತು. ಇಂಥಾ ಊರಾಗ, ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದಾಗ, ಹೊಸಾ ದವಾಖಾನಿ ಕಟ್ಟಿದ್ರ ಮುಂದ ಗ್ರಾನೈಟ್ ಹಾಕ್ತಾರ, ಕಾರಂಜಿ ಹಚ್ತಾರ, ಹಡದಾಕಿ ಹಿಂದ ಆನಿಸಿ ಕುಂದ್ರೂ ಒಂದು ಖುರ್ಚಿ ಎನ್‌ಐಸಿಯು ಒಳಗ ಇರಂಗಿಲ್ಲ. ಕಬ್ಬು ಕಡಿಯಾಕ ಹೋಗೂ ಹೆಣ್ಣುಮಗಳಿಗೆ ರಜಾ ಯಾರು ಕೊಡ್ತಾರ? ಖಾಸಗಿ ಕಂಪನ್ಯಾಗ ದುಡಿಯೂ ಅಪ್ಪಗ ಒಂದ ದಿನದ ರಜಾನೂ ಕಾನೂನಿನ್ಯಾಗ ಇಲ್ಲ, ಅಂವ ಬಿಲ್ ಕಟ್ಟೂದಕ್ಕ, ಔಷಧ ತರೂದಕ್ಕ ಅಷ್ಟ. ಕೂಸು ಎತಗೊಂಡ್ರ "ಹೆಂಗಸರಂಗ ಮಾಡ್ತಾನ" ಅಂತ ನಗವ್ರು ಬ್ಯಾರೆ.

ನಿಮ್ಮ ಅಳಿಯ ಅಂಜತಾನ ಅಂತ ಬರದೀರಿ. ಅಂಜಲಿ, ಅಂಜಿಕೊಂತನ ಅಂಗಿ ಗುಂಡಿ ಬಿಚ್ಚಿ ಕುಂದ್ರಲಿ, ಮಗಳು ಉಣ್ಣೂಮುಂದ, ಮಲಗೂಮುಂದ ಅಂವನ ಎದಿನೂ ಅಷ್ಟ ಬೆಚ್ಚಗಿರ್ತೈತಿ. ಡಾಕ್ಟರನ್ನ ನೀವ ಮುಂದಾಗಿ ಕೇಳ್ರಿ, ಜಗಳಾಡಬ್ಯಾಡ್ರಿ, "ನಮ್ಮ ಕೂಸಿಗೆ ಇದು ಎಂದಿನಿಂದ ಚಾಲೂ ಮಾಡಬಹುದು" ಅಂತ ಕೇಳ್ರಿ, ಭಾಳಷ್ಟು ಡಾಕ್ಟರಿಗೂ ಮನಸೈತಿ, ಜಾಗಾ ಇಲ್ಲ. ಇನ್ನೊಂದು, ಮರೀಬ್ಯಾಡ್ರಿ: 2 ಕಿಲೋಕಿಂತ ಕಡಿಮಿ ತೂಕದ ಕೂಸಿಗೆ ಹುಟ್ಟಿ 30 ದಿನದೊಳಗ ದಿನ ತುಂಬದ ಕೂಸುಗಳಿಗೆ ಬರೂ ಕಣ್ಣಿನ ಪರದೆಯ ರೋಗದ, ಅಂದ್ರ ಆರ್‌ಒಪಿ ತಪಾಸಣಿ ಆಗಲೇಬೇಕು, ತಡಾ ಆದ್ರ ಕಣ್ಣ ಹೋಗಬಹುದು. ಡಿಸ್ಚಾರ್ಜ್ ಚೀಟಿ ಮ್ಯಾಲ ಆ ತಾರೀಖು ಬರಸ್ಕೊಂಡ ಬರ್ರಿ.

ಕೂಸು ಮನಿಗೆ ಬಂದಮ್ಯಾಲ ನಿಮಗೊಂದು ಕೆಲಸ. ಸರಕಾರಿ ದವಾಖಾನಿಗೆ ಆರೋಗ್ಯ ರಕ್ಷಾ ಸಮಿತಿ ಅಂತ ಇರ್ತೈತಿ, ಅದರ ಮೀಟಿಂಗಿನ್ಯಾಗ ಇರೂ ಮಂದಿ ಅರ್ಧಾ ನಿಮ್ಮ ಕೈಯಾಗ ಕಲತವ್ರ ಇರಬೇಕು. ಕೂಸುಗಳ ವಾರ್ಡಿಗೆ ಹತ್ತು ಆರಾಮ ಖುರ್ಚಿ, ಹಾಲು ಹಿಂಡಾಕ ಪರದಾ ಹಾಕಿದ ಒಂದು ಖೋಲಿ, ತಾಯಂದಿರಿಗೆ ಜಳಕಕ್ಕ ಬಿಸಿನೀರು, ಇಷ್ಟು ಕೇಳಿ ಅರ್ಜಿ ಬರೀರಿ. ಅದರದೊಂದು ಕಾಪಿ ನಮಗೂ ಕಳಸ್ರಿ, ಮುಂದಿನ ಸಂಚಿಕಿಯೊಳಗ ಪೂರ್ತಿ ಹಾಕ್ತೀವಿ.