ಚಾರ್ಜ್‌ಶೀಟ್ ತಡವಾದರೆ ಜೈಲಿನಲ್ಲಿರುವ ನನ್ನ ತಮ್ಮನಿಗೆ ಜಾಮೀನು ತಾನಾಗಿಯೇ ಸಿಗುತ್ತದೆಯೇ?

ತಾನಾಗಿಯೇ ಸಿಗುವುದಿಲ್ಲ, ಅರ್ಜಿ ಹಾಕಲೇಬೇಕು. ಮನೆಗಳವಿನ ಆರೋಪದ ಮೇಲೆ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿರುವ ನಿಮ್ಮ ತಮ್ಮನ ವಿರುದ್ಧ ಪೊಲೀಸರು 60 ದಿನಗಳೊಳಗೆ ದೋಷಾರೋಪ ಪಟ್ಟಿ (ಚಾರ್ಜ್‌ಶೀಟ್) ಸಲ್ಲಿಸದಿದ್ದರೆ ಜಾಮೀನು ನಿಮ್ಮ ತಮ್ಮನ ಹಕ್ಕಾಗುತ್ತದೆ. ಏಕೆಂದರೆ ಕ್ರಿಮಿನಲ್ ಪ್ರಕರಣಗಳ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಂತೆ, ತನಿಖೆಗಾಗಿ ಆರೋಪಿಯನ್ನು ಬಂಧನದಲ್ಲಿಡಲು ಮ್ಯಾಜಿಸ್ಟ್ರೇಟರಿಗಿರುವ ಅಧಿಕಾರವೇ ಅಲ್ಲಿಗೆ ಮುಗಿಯುತ್ತದೆ, ಆರೋಪ ನಿಜವೋ ಸುಳ್ಳೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. (ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ ಈ ಅವಧಿ 90 ದಿನ.) ದಿನಗಳನ್ನು ಬಂಧಿಸಿದಂದಿನಿಂದಲ್ಲ, ನ್ಯಾಯಾಲಯವು ಮೊದಲು ರಿಮ್ಯಾಂಡ್ (ಬಂಧನದಲ್ಲಿಡುವ ಆದೇಶ) ಮಾಡಿದ ದಿನದಿಂದ, ಆ ದಿನವನ್ನೂ ಸೇರಿಸಿ ಎಣಿಸಬೇಕು. ಅವಧಿ ಮುಗಿದರೂ ಅರ್ಜಿ ಹಾಕದೆ ಕುಳಿತಾಗ ಪೊಲೀಸರು ಪಟ್ಟಿ ಸಲ್ಲಿಸಿಬಿಟ್ಟರೆ ಈ ಹಕ್ಕು ಕೈತಪ್ಪುತ್ತದೆ, ಆದ್ದರಿಂದ 61ನೇ ದಿನ ಬೆಳಿಗ್ಗೆಯೇ ಅರ್ಜಿ ನ್ಯಾಯಾಲಯದಲ್ಲಿರಲಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ, ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ನೇಮಿಸಿಕೊಡುತ್ತದೆ.