ಗಂಟು ಎಲೆಯ ಯಾವ ಬದಿಗಿದೆ?

ಪ್ರಶ್ನೆ: ಜೀಬ್ರಾ ಪಟ್ಟೆಯ ಪುಟ್ಟ ಗಿಡವೊಂದನ್ನು ‘ಅಪರೂಪದ ಹಾವರ್ತಿಯಾ ಫ್ಯಾಸಿಯೇಟಾ’ ಎಂದು ನರ್ಸರಿಯವರು ಕೊಟ್ಟರು. ಗೆಳತಿ ನೋಡಿ, ಇದು ಅದೇ ಕುಲದ ಇನ್ನೊಂದು ಜಾತಿ, ಅಟೆನ್ಯುಯೇಟಾ ಎಂದರು. ಯಾರ ಮಾತು ಸರಿ?

ಉತ್ತರ: ಗಿಡದ ನಡುವಿಗೆ ಮುಖ ಮಾಡಿರುವ ಎಲೆಯ ಒಳಮೈಯನ್ನು ಬೆರಳಿನಿಂದ ಸವರಿ. ನುಣುಪಾಗಿದ್ದು, ಬಿಳಿ ಗಂಟುಗಳು ಹೊರಮೈಯಲ್ಲಷ್ಟೇ ಇದ್ದರೆ ಫ್ಯಾಸಿಯೇಟಾ. ಎರಡೂ ಬದಿ ತರಿತರಿಯಾಗಿದ್ದರೆ ಅಟೆನ್ಯುಯೇಟಾ. ಒಳಗಡೆ ಅಲ್ಲೊಂದು ಇಲ್ಲೊಂದು ಗಂಟಿದ್ದರೆ ಮಿಶ್ರತಳಿ ಇರಬಹುದು. ಹೆಸರಿಗೆ ಪಟ್ಟು ಹಿಡಿಯಬೇಡಿ. ಬಹುಪಾಲು ಗೆಳತಿಯೇ ಗೆಲ್ಲುತ್ತಾರೆ. ಅಟೆನ್ಯುಯೇಟಾ ಬುಡದಲ್ಲಿ ಧಾರಾಳವಾಗಿ ಮರಿ ಹಾಕುವುದರಿಂದ ಮಾರಾಟಕ್ಕೆ ಬರುವುದು ಹೆಚ್ಚಾಗಿ ಅದೇ, ಚೀಟಿ ಮಾತ್ರ ಫ್ಯಾಸಿಯೇಟಾದ್ದು.

ಫ್ಯಾಸಿಯೇಟಾದ ಎಲೆ ದಪ್ಪ, ಒಳಕ್ಕೆ ಬಾಗಿರುತ್ತದೆ. ಅಟೆನ್ಯುಯೇಟಾದ್ದು ಸಪೂರ, ಹೊರಕ್ಕೆ ಚಾಚಿರುತ್ತದೆ. ಆದರೆ ಬೆಳಕು ಸಾಲದಿದ್ದರೆ ಯಾವ ಗಿಡದ ಎಲೆಯೂ ಉದ್ದವಾಗಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಆಕಾರವೊಂದನ್ನೇ ನಂಬಿದರೆ ಮೋಸ. ಹೂವಿನಿಂದಲೂ ಪ್ರಯೋಜನವಿಲ್ಲ, ಎರಡರದ್ದೂ ಸಣ್ಣ ಬಿಳಿ ಹೂ. ಎರಡರ ತವರೂ ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್. 2013ರಲ್ಲಿ ಸಸ್ಯಶಾಸ್ತ್ರಜ್ಞ ಗಾರ್ಡನ್ ರೌಲಿ ಇವನ್ನು ಹಾವರ್ತಿಯಾಪ್ಸಿಸ್ ಕುಲಕ್ಕೆ ಸೇರಿಸಿದರು. ಚೀಟಿಯಲ್ಲಿ ಹಾವರ್ತಿಯಾ ಎಂದಿದ್ದರೆ ಅದು ಹಳೆಯ ಹೆಸರು, ಅಷ್ಟೆ.

ಎಲೆಯ ಅಂಚಿನಲ್ಲಿ ಮೆತ್ತನೆಯ ಹಲ್ಲು, ತುದಿಯಲ್ಲಿ ಕೂದಲಿನಂಥ ಎಳೆ ಕಂಡರೆ ಅದು ಇವೆರಡೂ ಅಲ್ಲ, ಇವನ್ನೇ ಹೋಲುವ ಅರಿಸ್ಟಲೋ ಎಂಬ ಬೇರೆ ಗಿಡ. ಅದರ ಹೂ ಕಿತ್ತಳೆಗೆಂಪು ಕೊಳವೆ.

ಎಲೆಸಂದಿನ ಬಿಳಿಯನ್ನು ಗಂಟೆಂದುಕೊಳ್ಳುವ ಮೊದಲು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಅಂಟಂಟಾಗಿ ಕಿತ್ತುಬಂದರೆ ಅದು ಹಿಟ್ಟುತಿಗಣೆ ಎಂಬ ರಸ ಹೀರುವ ಕೀಟ, ಆ ಕುಂಡವನ್ನು ಬೇರೆ ಇಡಿ.

ಪ್ರಶ್ನೆ: ಕಂಬದಂತೆ ಬೆಳೆದ ಮುಳ್ಳಿನ ಗಿಡ ಕ್ಯಾಕ್ಟಸ್ಸೋ ಯೂಫೋರ್ಬಿಯಾವೋ, ಹೇಗೆ ತಿಳಿಯುವುದು?

ಉತ್ತರ: ಮುಳ್ಳಿನ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ. ನವಿರು ತುಪ್ಪಳದ ಪುಟ್ಟ ದಿಂಬಿನಿಂದ ಮುಳ್ಳು ಹೊರಟಿದ್ದರೆ ಕ್ಯಾಕ್ಟಸ್. ದಿಂಬಿಲ್ಲದೆ, ಏಣಿನ ಅಂಚಿನಲ್ಲೇ ಜೋಡಿಜೋಡಿಯಾಗಿದ್ದರೆ ಸಾಮಾನ್ಯವಾಗಿ ಯೂಫೋರ್ಬಿಯಾ, ಅಂದರೆ ನಮ್ಮ ಬೇಲಿಯ ಕಳ್ಳಿಯ ನಂಟ. ಖಚಿತವಾಗದಿದ್ದರೆ ಕೈಗವಸು, ಕನ್ನಡಕ ಹಾಕಿಕೊಂಡು ಸೂಜಿಮೊನೆಯಿಂದ ಒಂದೆಡೆ ಚುಚ್ಚಿ. ಯೂಫೋರ್ಬಿಯಾದಲ್ಲಿ ಹಾಲು ಜಿನುಗುತ್ತದೆ. ಅದು ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು ಕೂಡಲೇ ವೈದ್ಯರಿಗೆ ತೋರಿಸಬೇಕು. ಆದರೆ ಹಾಲು ಬಂತೆಂದೇ ತೀರ್ಮಾನಿಸಬೇಡಿ: ಮ್ಯಾಮಿಲೇರಿಯಾ ಕ್ಯಾಕ್ಟಸ್‌ನ ಕೆಲವು ಜಾತಿಗಳಲ್ಲೂ ಹಾಲು ಬರುತ್ತದೆ. ಕೊನೆಯ ಮಾತು ದಿಂಬಿನದೇ.