‘ಮೈ ಬ್ರೋಕನ್ ಮರಿಕೊ’ ಮಾಂಗಾ ಗೆಳತಿಯ ಆತ್ಮಹತ್ಯೆಯ ದುಃಖವನ್ನು ಹೇಗೆ ಚಿತ್ರಿಸುತ್ತದೆ?

ವಾಕಾ ಹಿರಾಕೊ ಅವರ ಈ ಒಂದೇ ಸಂಪುಟದ ಮಾಂಗಾದಲ್ಲಿ, ಅಂದರೆ ಜಪಾನೀ ಕಾಮಿಕ್ಸ್‌ನಲ್ಲಿ, ದುಃಖವು ಕಣ್ಣೀರಿಗಿಂತ ಮೊದಲು ಸಿಟ್ಟಾಗಿ ಹೊರಬರುತ್ತದೆ. ಕಚೇರಿಯೊಂದರಲ್ಲಿ ಕೆಲಸ ಮಾಡುವ ಶೀನೊ, ಬಾಲ್ಯದ ಗೆಳತಿ ಮರಿಕೊಳ ಸಾವನ್ನು ಟಿವಿ ಸುದ್ದಿಯಿಂದ ತಿಳಿದು, ಮಗಳನ್ನು ಚಿಕ್ಕಂದಿನಿಂದಲೂ ಹಿಂಸಿಸಿದ್ದ ತಂದೆಯ ಮನೆಗೆ ನುಗ್ಗಿ, ಅಸ್ಥಿಯ ಪೆಟ್ಟಿಗೆಯನ್ನು ಕಸಿದುಕೊಂಡು, ಇಬ್ಬರೂ ಒಟ್ಟಿಗೆ ನೋಡಲಾಗದ ಕಡಲಿನತ್ತ ಹೊರಡುತ್ತಾಳೆ. ದಾರಿಯುದ್ದಕ್ಕೂ ಆಕೆ ಆ ಅಸ್ಥಿಯೊಡನೆಯೇ ಮಾತನಾಡುತ್ತಾಳೆ. ತನಗೊಂದು ಮಾತೂ ಹೇಳದೆ ಏಕೆ ಹೋದಳೆಂಬ ಪ್ರಶ್ನೆಗೆ ಕೃತಿ ಉತ್ತರ ಕೊಡುವುದಿಲ್ಲ, ಕೊಡಲು ಹವಣಿಸುವುದೂ ಇಲ್ಲ. ಸತ್ತವಳ ಚೆಂದದ ನೆನಪುಗಳಷ್ಟೇ ಉಳಿದುಬಿಡುತ್ತವೆಂದು ಶೀನೊ ಅಂಜುತ್ತಾಳೆ, ಏಕೆಂದರೆ ಗೆಳತಿ ಕೆಲವೊಮ್ಮೆ ಅವಳಿಗೆ ತಲೆನೋವೂ ಆಗಿದ್ದಳು. ಇದನ್ನು ಮುಚ್ಚಿಡದಿರುವುದೇ, ನನ್ನ ದೃಷ್ಟಿಯಲ್ಲಿ, ಕೃತಿಯ ನಿಜವಾದ ಶಕ್ತಿ. 2022ರಲ್ಲಿ ಇದು ಜಪಾನಿನಲ್ಲಿ ಚಲನಚಿತ್ರವೂ ಆಯಿತು.